ಅಳಿಯಕಟ್ಟೂ ಕಾಯಿದೆಯೂ

ಕಾಯಿದೆಯೆಂದರೇನೆಂದು ವಿಚಾರಿಸಹೊರಟವರು ಮೊದಲು ರೋಮಾಪುರಿಗೆ ಹೋಗುವುದು ವಾಡಿಕೆ. ಕ್ರಿಸ್ತಪೂರ್ವ 450ರ ಸುಮಾರಿಗೆ ಅಲ್ಲಿ ಹನ್ನೆರಡು ಫಲಕಗಳಲ್ಲಿ ಬರೆಯಿಸಿದ ವಿಧಿಗಳು, ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಮಾಡಿಸಿದ ಸಂಗ್ರಹ, 1804ರಲ್ಲಿ ಅದೇ ವಂಶದಲ್ಲಿ ಹುಟ್ಟಿದ ನೆಪೋಲಿಯನ್ನನ ಸಂಹಿತೆ, ಇವೆಲ್ಲ ಒಂದು ಪರಂಪರೆ. ಅರಸನ ನ್ಯಾಯಾಧೀಶರು ಊರೂರು ತಿರುಗಿ ಕೊಟ್ಟ ತೀರ್ಪುಗಳಿಂದ ಬೆಳೆದುಬಂದ ಇಂಗ್ಲೆಂಡಿನ ನ್ಯಾಯಪದ್ಧತಿ ಇನ್ನೊಂದು. ಮಂಗಳೂರಿನವರಾದ ನಾವು ಅಷ್ಟು ದೂರ ಪ್ರಯಾಣಮಾಡಬೇಕಾದುದಿಲ್ಲ. ರೋಮಿನ ಪರಂಪರೆಯು ಪೋರ್ಚುಗೀಸರ 1867ರ ಸಿವಿಲ್ ಸಂಹಿತೆಯ ರೂಪದಲ್ಲಿ ಗೋವೆಯವರೆಗೆ ಬಂದಿತು. ಇಂಗ್ಲೆಂಡಿನದು 1799ರ ಬಳಿಕ ಕಂಪೆನಿಯವರ ಬೆನ್ನಿಗೇ ನಮ್ಮ ಜಿಲ್ಲೆಯನ್ನು ಹೊಕ್ಕಿತು. ಮೂರನೆಯದಾದ ನಮ್ಮ ಧರ್ಮಶಾಸ್ತ್ರವಂತೂ ಕನ್ನಡ ನಾಡಿನಲ್ಲಿಯೇ ತನ್ನ ಮುಖ್ಯವಾದ ಒಂದು ರೂಪವನ್ನು ಪಡೆಯಿತು. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲದಲ್ಲಿ, ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬಂಗಾಳವೊಂದುಳಿದು ಭರತಖಂಡದ ಬಹುಭಾಗವು ದಾಯಭಾಗದ ವಿಷಯದಲ್ಲಿ ಪ್ರಮಾಣವೆಂದು ಸ್ವೀಕರಿಸಿತು.

ಈ ಮೂರಕ್ಕೂ ಸೇರದೆ, ಗ್ರಂಥದ ಆಶ್ರಯವೂ ಇಲ್ಲದೆ, ನಮ್ಮ ತುಳುನಾಡಿನಲ್ಲಿ ಶತಮಾನಗಳವರೆಗೆ ನಡೆದುಬಂದುದು ಅಳಿಯಕಟ್ಟು ಅಥವಾ ಅಳಿಯಸಂತಾನ. ಬಂಟರು, ಬಿಲ್ಲವರು, ಜೈನರಲ್ಲಿ ಅನೇಕರು ಇದನ್ನು ಅನುಸರಿಸಿದವರು. ಕುಟುಂಬವೆಂದರೆ ಇಲ್ಲಿ ಒಬ್ಬ ಮೂಲಸ್ತ್ರೀಯ ಹೆಣ್ಣುಸಂತತಿಯ ಮೂಲಕ ಬಂದವರು. ಆಸ್ತಿಯು ತಾಯಿಯಿಂದ ಮಗಳಿಗೆ ಇಳಿಯುವುದು; ಯಜಮಾನನ ಬಳಿಕ ಅವನ ಮಗನಲ್ಲ, ಸೋದರಳಿಯನು ಬರುವನು; ಹೆಂಗಸೂ ಯಜಮಾನಿಕೆಗೆ ಅರ್ಹಳು. ಹೆಂಡತಿ ಮಕ್ಕಳಾದರೋ ಬೇರೊಂದು ಕುಟುಂಬದವರು. ಗಂಡಸು ತನ್ನ ಸ್ವಂತ ದುಡಿಮೆಯಿಂದ ಗಳಿಸಿದುದು ಕೂಡ, ಅವನು ಮರಣಶಾಸನ ಬರೆಯದೆ ತೀರಿಕೊಂಡರೆ, ತಾಯಿಯ ಕುಟುಂಬಕ್ಕೆ ಸೇರುತ್ತಿತ್ತು. ತಂದೆಯು ಬೆವರು ಸುರಿಸಿ ಕೊಂಡ ಗದ್ದೆಯಲ್ಲಿ ಮಕ್ಕಳಿಗೆ ಹಕ್ಕಿಲ್ಲವೆಂಬುದು ಎಷ್ಟು ಮನೆಗಳಲ್ಲಿ ಕಣ್ಣೀರಿಗೆ ಕಾರಣವಾಯಿತೆಂಬುದನ್ನು ಇಲ್ಲಿಯ ಹಿರಿಯರಿಗೆ ಹೇಳಬೇಕಾಗಿಲ್ಲ. ವಿಧವೆಯಾಗಿ ತವರಿಗೆ ಮರಳಿದವಳು ಅಲ್ಲಿ ಅನ್ನಕ್ಕೆ ಯಾರ ಹಂಗಿಗೂ ಒಳಗಾಗಲಿಲ್ಲವೆಂಬುದೂ ಅಷ್ಟೇ ನಿಜ.

ಸಾರ್ವಭೌಮನ ಆಜ್ಞೆಯೇ ಕಾಯಿದೆಯೆಂದು ಆಂಗ್ಲ ಪಂಡಿತನಾದ ಆಸ್ಟಿನನ ಮತ. ಹಾಗಾದರೆ ಅಳಿಯಕಟ್ಟನ್ನು ಆಜ್ಞಾಪಿಸಿದವರು ಯಾರು? ಐತಿಹ್ಯವು ಉತ್ತರವನ್ನು ಸಿದ್ಧವಾಗಿಟ್ಟಿದೆ. ದೇವಪಾಂಡ್ಯನ ಹಡಗುಗಳನ್ನು ತಡೆದ ಕುಂಡೋದರನೆಂಬ ಭೂತವು ನರಬಲಿಯನ್ನು ಬೇಡಿತಂತೆ. ರಾಣಿಯು ತನ್ನ ಮಕ್ಕಳನ್ನು ಕೊಡಲೊಲ್ಲಳು. ತಂಗಿಯು ತನ್ನ ಮಗನನ್ನು ಒಪ್ಪಿಸಿದಳು. ಭೂತವು ಮೆಚ್ಚಿ ಆ ಹುಡುಗನನ್ನು ಬಿಟ್ಟುಕೊಟ್ಟಿತು. ಅವನೇ ಭೂತಾಳಪಾಂಡ್ಯನೆಂಬ ಹೆಸರಿನಿಂದ ಅರಸನಾಗಿ ಈ ಕಟ್ಟಳೆಯನ್ನು ವಿಧಿಸಿದನಂತೆ. ಅವನ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಕಟ್ಟುಕಟ್ಟಳೆಯ ಗ್ರಂಥದ ಪ್ರಾಚೀನತೆಯನ್ನು ವಿದ್ವಾಂಸರು ನಂಬಲಿಲ್ಲ. ನಮಗೆ ತೋರುವಂತೆ ಕಥೆಯು ಕಟ್ಟಳೆಗಿಂತ ಈಚಿನದು. ರೂಢಿಯು ಮೊದಲು ನಡೆದು, ಅರಸನನ್ನು ಆಮೇಲೆ ಹುಡುಕಿಕೊಂಡಿತು. ನಮ್ಮ ಸ್ಮೃತಿಕಾರರು ಈ ವಿಷಯದಲ್ಲಿ ಆಸ್ಟಿನನಿಗಿಂತ ಉದಾರಿಗಳು. ಶ್ರುತಿ ಸ್ಮೃತಿಗಳೊಡನೆ ಸದಾಚಾರವನ್ನೂ ಅವರು ಧರ್ಮಮೂಲವೆಂದೇ ಎಣಿಸಿದರು. ರೂಢಿಯು ಸ್ಪಷ್ಟವಾಗಿ ಸಿದ್ಧವಾದರೆ ಲಿಖಿತ ಶಾಸ್ತ್ರವೂ ಅದಕ್ಕೆ ಮಣಿಯಬೇಕೆಂದು ಲಂಡನ್ನಿನ ಪ್ರಿವಿ ಕೌನ್ಸಿಲು 1868ರಲ್ಲಿ, ಮದರಾಸು ಪ್ರಾಂತದಿಂದ ಹೋದ ರಾಮನಾಡಿನ ಒಂದು ವ್ಯಾಜ್ಯದಲ್ಲಿ, ಹೇಳಿತು.

ಆದರೆ ನ್ಯಾಯಸ್ಥಾನದ ಮೆಟ್ಟಿಲೇರಿದ ರೂಢಿಯು ಮೊದಲಿನಂತೆಯೇ ಕೆಳಗಿಳಿಯುವುದಿಲ್ಲ. ಮದರಾಸಿನ ಹೈಕೋರ್ಟು ಸ್ಥಾಪಿತವಾದುದು 1862ರಲ್ಲಿ. ಮರುವರ್ಷವೇ ಅದು, ಅಳಿಯಸಂತಾನದ ಕುಟುಂಬದಲ್ಲಿ ಉಳಿದವರ ಒಪ್ಪಿಗೆಯಿಲ್ಲದೆ ಯಾರೊಬ್ಬರೂ ಪಾಲನ್ನು ಬಲವಂತದಿಂದ ಪಡೆಯಲಾರರೆಂದು ತೀರ್ಮಾನಿಸಿತು. ಹೊಂದಿಕೆಯಿದ್ದಲ್ಲಿ ಇದರಿಂದ ತೊಂದರೆಯಿಲ್ಲ. ಕರಾರು ಬರೆದುಕೊಂಡು ಬೇರೆಬೇರೆ ಮನೆಗಳಲ್ಲಿ ಉಣ್ಣಬಹುದು. ಹೊಂದಿಕೆ ಕೆಟ್ಟಲ್ಲಿ ಏನು ಮಾಡುವುದು? ರೂಢಿಯು ಜೀವಂತವಾಗಿದ್ದರೆ ಕಾಲಕ್ಕೆ ತಕ್ಕಂತೆ ತಾನೇ ಬಾಗುತ್ತಿದ್ದಿತೋ ಏನೋ. ತೀರ್ಪಿನ ಪುಸ್ತಕದಲ್ಲಿ ಸೇರಿದ ರೂಢಿಗೆ ಬಾಗುವ ಸ್ವಾತಂತ್ರ್ಯವಿಲ್ಲ. ಆ ಗಂಟನ್ನು ಬಿಡಿಸಲು ಸುಮಾರು ಎಂಬತ್ತಾರು ವರ್ಷಗಳು ಕಳೆದು, 1949ರ ಮದರಾಸು ಅಳಿಯಸಂತಾನ ಕಾಯಿದೆಯೇ ಬರಬೇಕಾಯಿತು.

ಆ ಕಾಯಿದೆಯು ಕುಟುಂಬದ ಶಾಖೆಗಳಾದ ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಆದರೆ ಹೆಣ್ಣುಸಂತತಿಯ ಕವರು ಕುಟುಂಬದಲ್ಲಿ ಇರುವಾಗ, ಸಂತತಿಯಿಲ್ಲದ ನಿಸ್ಸಂತತಿ ಕವರಿಗೆ ಬಂದ ಪಾಲು ಜೀವಾವಧಿಗೆ ಮಾತ್ರ. ಗಂಡಸಿನ ಪಾಲು ಹೆಚ್ಚಾಗಿ ಇಂಥದೇ. ಕಾಯಿದೆಯು ಹೊಸದಾದರೂ ಅದರ ಎದೆಯಲ್ಲಿ ಹಳೆಯ ಕಟ್ಟಳೆಯೇ ಮಿಡಿಯುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಅದನ್ನೂ ಮೀರಿ, ಕುಟುಂಬದ ಆಸ್ತಿಯಲ್ಲಿ ಗಂಡಸಿಗಿದ್ದ ಹಿತವು ಅವನ ಬಳಿಕ ಹೆಂಡತಿ ಮಕ್ಕಳಿಗೆ ಹೋಗುವ ದಾರಿಯನ್ನು ತೆರೆಯಿತು. ಮಿತಾಕ್ಷರದ ಕುಟುಂಬಗಳಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ದೊರೆತದ್ದು 2005ರ ತಿದ್ದುಪಡಿಯಿಂದ. ಅಳಿಯಕಟ್ಟಿನ ಹೆಣ್ಣಿಗೆ ಇದು ಅಜ್ಜಿಯ ಕಾಲದ ಮಾತು.

1956ರ ನವೆಂಬರದಲ್ಲಿ ನಮ್ಮ ಜಿಲ್ಲೆಯು ಮೈಸೂರಿಗೂ, ಕಾಸರಗೋಡು ಕೇರಳಕ್ಕೂ ಸೇರಿದುವು. ಕೇರಳವು 1975ರ ಕಾಯಿದೆಯಿಂದ ಅವಿಭಕ್ತ ಹಿಂದೂ ಕುಟುಂಬವನ್ನೇ ರದ್ದುಪಡಿಸಿತು. ಅದು 1976ರ ಡಿಸೆಂಬರ 1ರಿಂದ ಜಾರಿಗೆ ಬಂದಿತು. ಹೀಗೆ ತಲಪಾಡಿಯ ಗಡಿಯಾಚೆಯ ಅಳಿಯಕಟ್ಟಿನವರಿಗೆ ಒಂದು ವಿಧಿ, ಈಚೆಯವರಿಗೆ ಇನ್ನೊಂದು. ಆದರೂ ಕುಟುಂಬದ ದೈವಕ್ಕೆ ಕೋಲವಾಗುವ ದಿನ ಎರಡೂ ಕಡೆಯವರು ಮೂಲಮನೆಯಲ್ಲಿ ಕೂಡುತ್ತಾರೆ. ಮದುವೆಯ ಮಾತು ಬಂದರೆ ಹುಡುಗನ ಬಳಿ ಯಾವುದು, ಹುಡುಗಿಯ ಬಳಿ ಯಾವುದು ಎಂದು ಮೊದಲು ಕೇಳುತ್ತಾರೆ. ಆ ಬಳಿಯು ಇಂದಿಗೂ ತಾಯಿಯಿಂದಲೇ ಬರುವುದು.