ಪಟ್ಟಿಯಿಂದ ಹೊರಬಂದ ಬೆಟ್ಟದ ನಾಡು



ಭೂತಾನ್ ಎಂದೊಡನೆ ನಮ್ಮ ಮಲೆನಾಡಿಗರಿಗೆ ಈಚೆಗೆ ನೆನಪಾಗುವುದು ಅಡಿಕೆ. ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ನಿರ್ಬಂಧವಿಲ್ಲದೆ ಅಲ್ಲಿಂದ ತರಿಸಲು ಕೇಂದ್ರ ಸರ್ಕಾರವು 2022ರ ಸೆಪ್ಟೆಂಬರಿನಲ್ಲಿ ಅನುಮತಿಯಿತ್ತಾಗ ನಮ್ಮ ಬೆಳೆಗಾರರು ಆತಂಕಗೊಂಡರು. ಆ ಆತಂಕ ಸಹಜವೇ. ಆದರೆ ಅದೇ ನಾಡಿನ ಇನ್ನೊಂದು ಸಂಗತಿಯು ಬೆಟ್ಟದಲ್ಲಿ ಬದುಕುವ ನಮಗೆ ಇನ್ನೂ ಹತ್ತಿರದ್ದು.

ವಿಶ್ವಸಂಸ್ಥೆಯು 1971ರಲ್ಲಿ ಅತ್ಯಂತ ಹಿಂದುಳಿದ ದೇಶಗಳ ಪಟ್ಟಿಯನ್ನು ರಚಿಸಿತು. ಮೊದಲಿನಿಂದಲೂ ಅದರಲ್ಲಿದ್ದ ಭೂತಾನ್, 2023ರ ಡಿಸೆಂಬರ್ 13ರಂದು ಹೊರಬಂದಿತು. ಹೀಗೆ ಹೊರಬಂದ ಏಳನೆಯ ದೇಶವದು. ಇದಕ್ಕೆ ಅಳತೆಗೋಲುಗಳು ಮೂರು: ತಲಾ ಆದಾಯ, ಜನರ ಆರೋಗ್ಯ ಮತ್ತು ಶಿಕ್ಷಣ, ಹಾಗೂ ಆರ್ಥಿಕ, ಪಾರಿಸರಿಕ ಆಘಾತಗಳಿಗೆ ಈಡಾಗುವ ಸಂಭವ. ಮೂರು ವರ್ಷಕ್ಕೊಮ್ಮೆ ನಡೆಯುವ ಪರಿಶೀಲನೆಯಲ್ಲಿ ಸತತ ಎರಡು ಬಾರಿ, ಮೂರರಲ್ಲಿ ಎರಡನ್ನು ದಾಟಿದರೆ ತೇರ್ಗಡೆ. ಭೂತಾನ್ 2015 ಮತ್ತು 2018ರಲ್ಲಿ ಮೊದಲೆರಡನ್ನು ದಾಟಿತು, ಮೂರನೆಯದನ್ನು ದಾಟಲಿಲ್ಲ. ಭಾರತಕ್ಕೆ ಮಾರುವ ಜಲವಿದ್ಯುತ್ತು ಆದಾಯವನ್ನು ಏರಿಸಿತು. ಆ ನದಿಗಳ ನೆತ್ತಿಯ ಮೇಲಿರುವ ಅಪಾಯವು ಮಾತ್ರ ಇಳಿಯಲಿಲ್ಲ.

1994ರ ಅಕ್ಟೋಬರಿನಲ್ಲಿ ಲುನಾನಾ ಪ್ರದೇಶದ ಲುಗ್ಗೆ ಹಿಮಸರೋವರವು ಒಡೆದು ಪುನಾಖಾ ಕಣಿವೆಯವರೆಗೂ ನೆರೆ ನುಗ್ಗಿತು. 20ಕ್ಕೂ ಹೆಚ್ಚು ಜನ ಮಡಿದರು. ಅದರ ನೆರೆಯ ಥೋರ್ಥೋರ್ಮಿ ಸರೋವರವೂ ಒಡೆಯಬಹುದೆಂಬ ಭಯವಿತ್ತು. ಅತ್ಯಂತ ಹಿಂದುಳಿದ ದೇಶಗಳಿಗೆಂದೇ 2001ರಲ್ಲಿ ಸ್ಥಾಪಿತವಾದ ಹವಾಮಾನ ನಿಧಿಯ ನೆರವಿನಿಂದ, ದಿನಗಟ್ಟಲೆ ನಡೆದು ಅಲ್ಲಿಗೇರಿದ ಕೂಲಿಕಾರರು ಭಾರೀ ಯಂತ್ರಗಳಿಲ್ಲದೆ, ಕೊರೆಯುವ ನೀರಿನಲ್ಲಿ ನಿಂತು ಕಲ್ಲೆತ್ತಿ ಕಾಲುವೆ ತೋಡಿದರು. 2012ರ ವೇಳೆಗೆ ನೀರಿನ ಮಟ್ಟವು ಸುಮಾರು 5 ಮೀಟರ್ ಇಳಿಯಿತು.

ಪಟ್ಟಿಯಿಂದ ಹೊರಬಂದ ದೇಶಕ್ಕೆ ಆ ನಿಧಿಯಿಂದ ಹೊಸ ನೆರವಿಲ್ಲ. ಮೊದಲೇ ಮಂಜೂರಾದ ಕೆಲಸಗಳಷ್ಟೇ ಮುಂದುವರಿಯುತ್ತವೆ. ಹಸಿರು ಹವಾಮಾನ ನಿಧಿಯ ಬಾಗಿಲು ತೆರೆದಿದೆ ನಿಜ. ಆದರೆ ಅಲ್ಲಿಯೂ ಹೊಂದಾಣಿಕೆಯ ಹಣದಲ್ಲಿ ಕನಿಷ್ಠ ಅರ್ಧವನ್ನು ಹಿಂದುಳಿದ ದೇಶಗಳು, ಸಣ್ಣ ದ್ವೀಪಗಳು ಮತ್ತು ಆಫ್ರಿಕಾದ ದೇಶಗಳಿಗೆ ಮೀಸಲಿಡುವ ಗುರಿಯಿದೆ. ಭೂತಾನ್ ಈಗ ಈ ಮೂರರಲ್ಲಿ ಒಂದೂ ಅಲ್ಲ.

ಹೊರಬರುವ ದೇಶಗಳಿಗೆ ಆಸರೆಯೇ ಇಲ್ಲವೆಂದಲ್ಲ. ಐರೋಪ್ಯ ಒಕ್ಕೂಟವು ಸುಂಕದ ರಿಯಾಯಿತಿಯನ್ನು ಮೂರು ವರ್ಷ ಮುಂದುವರಿಸುತ್ತದೆ. ಆದರೆ ಭೂತಾನಿನ ವ್ಯಾಪಾರವು ಬಹುಪಾಲು ಭಾರತದೊಡನೆ. ಅದು ನಡೆಯುವುದು 1972ರಿಂದ ಬಂದ ದ್ವಿಪಕ್ಷೀಯ ಒಪ್ಪಂದದ ಮೇಲೆ, ಈ ಪಟ್ಟಿಯ ಮೇಲಲ್ಲ. ಆದ್ದರಿಂದ ಆ ರಿಯಾಯಿತಿಯಿಂದ ಅದಕ್ಕೆ ಸಿಗುವುದು ಅಲ್ಪ. ಕಳೆದುಹೋಗುವುದು ಬೆಟ್ಟವನ್ನು ಕಾಯುವ ಹಣ.

ಎಳೆಯ ಅಡಿಕೆ ತೋಟದಲ್ಲಿ ನಾವು ಬಾಳೆಯ ನೆರಳನ್ನು ತೆಗೆಯುವಾಗ ಗಿಡದ ಎತ್ತರವೊಂದನ್ನೇ ನೋಡುವುದಿಲ್ಲ. ನೈಋತ್ಯದ ಬಿಸಿಲು ಕಾಂಡವನ್ನು ಸುಡುವುದೇ ಎಂದೂ ನೋಡುತ್ತೇವೆ. ನೆರವು ನೀಡುವ ಜಗತ್ತೂ ಇಷ್ಟನ್ನು ಕಲಿಯಬೇಕು. ವ್ಯಾಪಾರದ ರಿಯಾಯಿತಿಗಳು ಆದಾಯವನ್ನು ನೋಡಿ ಹಂತಹಂತವಾಗಿ ಹಿಂದೆ ಸರಿಯಲಿ. ಹವಾಮಾನದ ನೆರವು ಅಪಾಯವನ್ನು ನೋಡಿ ಮುಂದುವರಿಯಲಿ. ನೇಪಾಳವು ಹೊರಬರಲು 2026ರ ನವೆಂಬರ್ 24ರ ದಿನವನ್ನು ಮಹಾಸಭೆಯು 2021ರಲ್ಲೇ ಗೊತ್ತುಪಡಿಸಿತು. ಅಲ್ಲಿಯೂ ಇದೇ ಪ್ರಶ್ನೆಯಿದೆ.

ಅಡಿಕೆಯ ಬೆಲೆಗಾಗಿ ನಾವು ಖಂಡಿತ ದನಿಯೆತ್ತೋಣ. ಆದರೆ ಕುಸಿಯುವ ಗುಡ್ಡವನ್ನು ಕಂಡಿರುವ ನಾವು, ಇನ್ನೊಂದು ಬೆಟ್ಟದ ಜನರ ಪರವಾಗಿಯೂ ಮಾತನಾಡೋಣ.