ಕಾದ ಮೇಲೆ ನಿಲ್ಲುವ ಎಂಜಿನ್

(ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರತಿ ಸಲ ಉಳಿತಾಯ, ಸಾಲ, ಮರುಪಾವತಿ ಅಂತ ಮಾತಾಡುತ್ತೇವೆ. ಇವತ್ತು ಪೆಟ್ರೋಲ್ ಎಂಜಿನ್ ಬಗ್ಗೆ ಹೇಳುತ್ತೇನೆ ಅಂದಾಗ ಕೆಲವರು ನಕ್ಕಿರಿ. ನಗಿ, ಪರವಾಗಿಲ್ಲ. ಆದರೆ ಒಂದು ಸಂಘ ಒಡೆದು ಹೋಗುವುದಕ್ಕೆ ಬಂದದ್ದು ಸಾಲದಿಂದಲ್ಲ, ಒಂದು ಸಣ್ಣ ಎಂಜಿನ್ನಿಂದ.

ಹನೂರು ಕಡೆಯ ಒಂದು ಸಂಘದವರು ಹಳ್ಳದಿಂದ ಹಿಪ್ಪುನೇರಳೆ ತೋಟಕ್ಕೆ ನೀರು ಎತ್ತಲು ಒಂದು ಪೆಟ್ರೋಲ್ ಪಂಪ್‌ಸೆಟ್ ಕೊಂಡರು. ಕರೆಂಟ್ ಇಲ್ಲದ ಹೊತ್ತಿಗೆ ಸರದಿ ಮೇಲೆ ಒಬ್ಬೊಬ್ಬರು ಒಯ್ಯುವುದು. ಒಂದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ರೋಗ ಶುರುವಾಯಿತು. ಬೆಳಿಗ್ಗೆ ಹಗ್ಗ ಎಳೆದರೆ ಒಂದೇ ಏಟಿಗೆ ಸ್ಟಾರ್ಟ್. ಇಪ್ಪತ್ತು ನಿಮಿಷ ಆದ ಮೇಲೆ ಕೆಮ್ಮುತ್ತದೆ, ಸೊರಗುತ್ತದೆ, ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಓಡುತ್ತದೆ. "ಕಾದ ಮ್ಯಾಕೆ ನಿಂತೋಯ್ತದೆ ಕನ ಸಿಸ್ಟರ್" ಅಂದರು. ಅಂಗಡಿಗೆ ಒಯ್ದರೆ ಅಲ್ಲಿ ತಣ್ಣಗಿರುತ್ತದಲ್ಲ, ಚೆನ್ನಾಗಿ ಓಡಿತು! ಎರಡು ಸಲ ಕಾರ್ಬುರೇಟರ್ ಬಿಚ್ಚಿ ತೊಳೆದು ದುಡ್ಡು ತೆಗೆದುಕೊಂಡರು. ರೋಗ ಹೋಗಲಿಲ್ಲ.

ಆಗ ಯಾರ ಮೇಲೆ ಹಾಕುವುದು? ಮೊದಲು ಕೆಟ್ಟಾಗ ಯಾರ ಸರದಿಯಲ್ಲಿತ್ತೋ ಅವರ ಮೇಲೆ. ಅವರು ಗಂಡನಿಲ್ಲದ ಹೆಣ್ಣುಮಗಳು. ರಿಪೇರಿ ಖರ್ಚನ್ನು ಅವರ ಉಳಿತಾಯದಲ್ಲಿ ಹಿಡಿಯಬೇಕೆಂದು ಠರಾವು ಆಯಿತು. ಆ ನಡಾವಳಿ ಪುಸ್ತಕದಲ್ಲಿ ನನ್ನ ಸಹಿಯೂ ಇದೆ. ಎಂ.ಎಸ್.ಡಬ್ಲ್ಯು. ಓದಿದವಳು ನಾನು. ಎಂಜಿನ್ ಯಾಕೆ ನಿಲ್ಲುತ್ತದೆ ಅಂತ ಒಂದು ಮಾತು ಕೇಳಲಿಲ್ಲ, ಯಾರು ಕೆಡಿಸಿದರು ಅಂತಲೇ ಕೇಳಿದೆ.

ಮುಂದಿನ ವಾರ ಆ ಹೆಣ್ಣುಮಗಳೇ ಬಂದು, "ಅದು ನಿಲ್ಲೋ ಹೊತ್ಗೆ ನೀವೇ ಬಂದು ನೋಡಿ" ಅಂದರು. ಹೋದೆವು. ಪಂಪ್ ರಿಪೇರಿ ಬಲ್ಲ ಒಬ್ಬ ಹಿರಿಯರನ್ನೂ ಕರೆದುಕೊಂಡು ಹೋಗಿದ್ದೆವು. ಎಂಜಿನ್ ನಿಂತಿತು. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಟ್ಯಾಂಕಿನ ಮುಚ್ಚಳವನ್ನು ಮೆಲ್ಲಗೆ ಅರ್ಧ ಸುತ್ತು ಸಡಿಲ ಮಾಡಿದರು. 'ಸುಯ್' ಅಂತ ಗಾಳಿ ಒಳಗೆ ಹೋಯಿತು. ಸ್ವಲ್ಪ ತಡೆದು ಹಗ್ಗ ಎಳೆದರು, ಓಡಿತು!

ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ತಡೆತಡೆದು ಬೀಳುತ್ತದೆ, ಎದುರಿಗೆ ಇನ್ನೊಂದು ತೂತು ಮಾಡಿದರೆ ಧಾರೆಯಾಗಿ ಬರುತ್ತದೆ. ನಮಗೆಲ್ಲ ಗೊತ್ತು. ಟ್ಯಾಂಕಿನ ಮುಚ್ಚಳದಲ್ಲೂ ಅಂಥ ಒಂದು ಸಣ್ಣ ಗಾಳಿ ದಾರಿ ಇರುತ್ತದೆ. ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಹೋಗಬೇಕು. ಮೊಪೆಡ್ಡಿನಲ್ಲಿ ಒಯ್ಯುವಾಗ ಪೆಟ್ರೋಲ್ ಚೆಲ್ಲಬಾರದು ಅಂತ ಯಾರೋ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಕವರ್ ಇಟ್ಟು ತಿರುಗಿಸಿದ್ದರು. ಗಾಳಿ ದಾರಿ ಮುಚ್ಚಿತ್ತು. ಬಿಟ್ಟರೆ ಗಾಳಿ ಹೇಗೋ ನುಸುಳಿ ಕಾರ್ಬುರೇಟರಿಗೆ ಪೆಟ್ರೋಲ್ ಇಳಿಯುತ್ತಿತ್ತು, ಮತ್ತೆ ಓಡುತ್ತಿತ್ತು. ಅಂದರೆ ಬಿಸಿಯಿಂದ ನಿಂತದ್ದಲ್ಲ, ಬಿಸಿಯಾಗುವ ಹೊತ್ತಿಗೆ ಸರಿಯಾಗಿ ನಿಂತದ್ದು. ಕವರ್ ಇಟ್ಟವರು ಯಾರು? ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿದವರ ಮಗ. ಆಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಸುಮ್ಮನಾದರು. ಠರಾವು ರದ್ದಾಯಿತು, ದುಡ್ಡು ವಾಪಸ್ ಜಮಾ ಆಯಿತು.

ಹಾಗಂತ ಎಲ್ಲಾ ಎಂಜಿನ್ನಿನ ರೋಗವೂ ಮುಚ್ಚಳದಲ್ಲಿರುವುದಿಲ್ಲ. ಮುಚ್ಚಳ ಸಡಿಲ ಮಾಡಿದರೂ ಓಡದಿದ್ದರೆ ಕಿಡಿ ನೋಡಬೇಕು, ಅದೂ ಬಿಸಿ ಇರುವಾಗಲೇ. ಮುಚ್ಚಳ ಬಿಗಿ ಮಾಡಿ, ಚೆಲ್ಲಿದ ಪೆಟ್ರೋಲ್ ಒರೆಸಿ ಒಣಗಲು ಬಿಟ್ಟು, ಪ್ಲಗ್ ಬಿಚ್ಚಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆಯಬೇಕು. ಪ್ಲಗ್ಗಿನ ತೂತಿನ ಹತ್ತಿರ ಕಿಡಿ ಬರಬಾರದು, ದೂರ ಹಿಡಿಯಿರಿ. ತಣ್ಣಗಿದ್ದಾಗ ನೀಲಿ ಕಿಡಿ ಬಂದು, ಕಾದಾಗ ಕಿಡಿಯೇ ಬಾರದಿದ್ದರೆ ಮೊದಲು ಬೇರೆ ಪ್ಲಗ್ ಹಾಕಿ ನೋಡಿ. ಆಗಲೂ ಇಲ್ಲವಾದರೆ ಹೆಚ್ಚಾಗಿ ಕಾಯಿಲ್ ಹೋಗಿರುತ್ತದೆ. ಒಳಗಿನ ಕೂದಲೆಳೆಯಂಥ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಅದಕ್ಕೆ ರಿಪೇರಿ ಇಲ್ಲ, ಹೊಸದೇ ಹಾಕಿಸಬೇಕು.

ಕಾದ ಮೇಲೆ ಚೋಕ್ ಅರ್ಧ ಎಳೆದರೆ ಮಾತ್ರ ಓಡುತ್ತದೆ ಅನ್ನುವುದಾದರೆ ಪೆಟ್ರೋಲ್ ಸಾಲುತ್ತಿಲ್ಲ, ಜೆಟ್ಟಿನಲ್ಲಿ ಕಸ ಇದೆ. ಆಗ ಕಾರ್ಬುರೇಟರ್ ತೊಳೆಸುವುದು ನ್ಯಾಯ. ಕಪ್ಪು ಹೊಗೆ ಬಂದು ಪ್ಲಗ್ ಮಸಿ ಹಿಡಿದಿದ್ದರೆ ಚೋಕ್ ಪೂರ್ತಿ ಬಿಟ್ಟಿಲ್ಲ, ಇಲ್ಲವೇ ಏರ್ ಫಿಲ್ಟರ್ ಧೂಳು ಕಟ್ಟಿದೆ. ಬಿಸಿಯಾದಾಗ ಹಗ್ಗ ತೀರಾ ಹಗುರವಾಗಿ ಬಂದರೆ ವಾಲ್ವಿನ ಸಂದು ಕಡಿಮೆಯಾಗಿರಬಹುದು. ಒಂದು ಮಿಲಿಮೀಟರಿನಲ್ಲಿ ಹತ್ತನೇ ಒಂದೆರಡು ಭಾಗದ ಲೆಕ್ಕ ಅದು, ಮೆಕ್ಯಾನಿಕ್ಕಿಗೆ ಬಿಡಿ. ಗಾಳಿಯಿಂದ ತಣಿಯುವ ಎಂಜಿನ್ನಿನ ರೆಕ್ಕೆಗಳ ಸಂದಿನಲ್ಲಿ ಹುಲ್ಲು, ಸೊಪ್ಪಿನ ಪುಡಿ, ಕೆಸರು ಮೆತ್ತಿಕೊಂಡಿದ್ದರೆ ಮಾತ್ರ ನೀವೇ ತೆಗೆಯಬಹುದು, ತಣಿದ ಮೇಲೆ, ಹಳೇ ಬ್ರಷ್ಷಿನಲ್ಲಿ.

ಯಳಂದೂರು ಕಡೆಯವರ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಹಲವು ಟು ಸ್ಟ್ರೋಕ್. ಅದರಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು. ಪುಸ್ತಕದಲ್ಲಿ 25ಕ್ಕೆ 1 ಅಂತಿದ್ದರೆ ಲೀಟರಿಗೆ 40 ಮಿ.ಲೀ., 50ಕ್ಕೆ 1 ಅಂತಿದ್ದರೆ 20 ಮಿ.ಲೀ. ಕಣ್ಣಂದಾಜು ಬೇಡ, ಅಳತೆ ಮುಚ್ಚಳ ಇಟ್ಟುಕೊಳ್ಳಿ. ಆಯಿಲ್ ಕಡಿಮೆಯಾದರೆ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ, ಆಮೇಲೆ ಮುಚ್ಚಳ ಸಡಿಲ ಮಾಡಿ ಪ್ರಯೋಜನವಿಲ್ಲ. ಇನ್ನೊಂದು, 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಪದ್ಧತಿ ಬಂದಿದೆ. ಅದು ತೇವ ಎಳೆದುಕೊಳ್ಳುತ್ತದೆ. ಮಳೆಗಾಲವೆಲ್ಲ ಪಂಪ್ ಮೂಲೆಯಲ್ಲಿಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಓಡಿಸಿ ಇಡಿ.

ಎರಡು ವಿಷಯದಲ್ಲಿ ನಾನು ಜಗಳಕ್ಕೇ ಬರುತ್ತೇನೆ. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹಾಕಬೇಡಿ, ಹತ್ತಿರ ಬೀಡಿ ಬೇಡ. ಹುಳು ಮನೆ ತೊಳೆದು ಔಷಧಿ ಹೊಡೆಯುವಾಗ ಎಂಜಿನ್ ಒಳಗಿಟ್ಟು ಓಡಿಸಬೇಡಿ, ಹೊರಗಿಟ್ಟು ಉದ್ದ ಪೈಪ್ ಎಳೆಯಿರಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ.

ಮುಂದಿನ ತಿಂಗಳ ಸಭೆಗೆ ನಿಲ್ಲುವ ಎಂಜಿನ್ ಇರುವ ಸಂಘದವರು ಅದನ್ನು ತನ್ನಿ, ಕಾಯುವವರೆಗೆ ಓಡಿಸಿ ಎಲ್ಲರೂ ನೋಡೋಣ. ಎಷ್ಟು ನಿಮಿಷಕ್ಕೆ ನಿಂತಿತು, ಹೊಗೆ ಯಾವ ಬಣ್ಣ, ಎಷ್ಟು ಹೊತ್ತಿಗೆ ಮತ್ತೆ ಓಡಿತು ಅಂತ ಒಂದು ಚೀಟಿಯಲ್ಲಿ ಬರೆದು ತನ್ನಿ. ಟ್ಯಾಂಕ್ ಖಾಲಿ ಮಾಡಿಕೊಂಡು ಬನ್ನಿ. ಬಸ್ಸಿನಲ್ಲಿ ಪೆಟ್ರೋಲ್ ತರುವಂತಿಲ್ಲ, ಇಲ್ಲೇ ಹಾಕಿಸೋಣ.