ಪಂಚರ ಮೈಮೇಲೆ ಕೈ

(ಸಂಘದ ಕ್ರೀಡಾಕೂಟದ ಪೂರ್ವಭಾವಿ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವ ಬಂತೆಂದರೆ ನಾಡುನುಡಿಯ ಮಾತಾಡುವುದು ರೂಢಿ. ಇಂದು ನಾನು ಆಟದ ಬಯಲಿನ ಮಾತೊಂದನ್ನು ಎತ್ತಿಕೊಂಡಿದ್ದೇನೆ. ನಮ್ಮ ಮಕ್ಕಳು ಖೋಖೋ, ಕಬಡ್ಡಿ, ಕ್ರಿಕೆಟ್ ಆಡುತ್ತಾರೆ. ನಮ್ಮಲ್ಲೇ ಕೆಲವರು ರವಿವಾರದ ದಿನ ಸೀಟಿ ಹಿಡಿದು ತೀರ್ಪುಗಾರರಾಗಿ ನಿಲ್ಲುತ್ತಾರೆ. ಹಾಗೆ ನಿಂತವನ ಮೇಲೆ ಯಾರಾದರೂ ಕೈಮಾಡಿದರೆ ಕಾಯಿದೆ ಅವನಿಗೆ ಎಷ್ಟು ಆಸರೆ ಕೊಡುತ್ತದೆ? ಇದೇ ಇಂದಿನ ವಿಷಯ.

ಮರಾಠಿಯಲ್ಲಿ ಕ್ರಿಕೆಟ್ಟಿನ ಅಂಪೈರನಿಗೂ ಕುಸ್ತಿಯ ತೀರ್ಪುಗಾರನಿಗೂ ‘ಪಂಚ’ ಎಂದೇ ಹೆಸರು. ನಮ್ಮ ಹಳ್ಳಿಗಳಲ್ಲಿ ಬದುವಿನ ಜಗಳ ತೀರಿಸುವವರೂ ಪಂಚರೇ. ಅವರ ತೀರ್ಪು ಒಪ್ಪದಿದ್ದವನು ಕೋರ್ಟಿನ ಮೆಟ್ಟಿಲು ಹತ್ತಬಹುದು. ಆದರೆ ಪಂಚರ ಮೈ ಮುಟ್ಟಬಾರದೆಂಬುದು ಹಿರಿಯರು ಹಾಕಿಕೊಟ್ಟ ಮರ್ಯಾದೆ. ಆ ಮರ್ಯಾದೆ ಇಂದು ಸಡಿಲಾಗಿದೆ.

ದೂರ ಹೋಗಬೇಕಾಗಿಲ್ಲ. ನಮ್ಮ ನಾಸಿಕ ಹಾಗೂ ಛತ್ರಪತಿ ಸಂಭಾಜಿನಗರ ಎರಡೂ ಜಿಲ್ಲೆಗಳ ಗಡಿಗೆ ಹೊಂದಿದ ಅಹಿಲ್ಯಾನಗರದಲ್ಲಿ 2025ರ ಫೆಬ್ರುವರಿ 2ರಂದು ಮಹಾರಾಷ್ಟ್ರ ಕೇಸರಿ ಕುಸ್ತಿ ನಡೆಯಿತು. ಹಿಂದೆ ಈ ಬಿರುದನ್ನು ಗೆದ್ದಿದ್ದ ಮಲ್ಲ ಶಿವರಾಜ ರಾಕ್ಷೆ, ಪೃಥ್ವಿರಾಜ ಮೊಹೋಳರೊಡನೆ ಸೆಣಸಿದರು. ಪಂಚರು ಅವರು ಚಿತ್ ಆದರೆಂದು ಸಾರಿದರು. ತಮ್ಮ ಬೆನ್ನು ನೆಲಕ್ಕೆ ಹತ್ತಿಲ್ಲವೆಂದು ರಾಕ್ಷೆಯವರು ವಾದಿಸಿದರು. ಪಂಚರ ಕೊರಳಪಟ್ಟಿ ಹಿಡಿದರು, ಕಾಲಿನಿಂದ ಒದ್ದರು. ರಾಜ್ಯ ಕುಸ್ತಿ ಸಂಘ ಅವರಿಗೆ ಮೂರು ವರ್ಷ ನಿಷೇಧ ಹಾಕಿತು. ಪಂಚರ ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ತಪ್ಪೇ ಇರಲಿ, ತಪ್ಪು ತೀರ್ಪಿಗೆ ಮದ್ದು ಮೇಲ್ಮನವಿ, ಒದೆಯಲ್ಲ.

ಇದಕ್ಕಿಂತ ಘೋರವಾದುದು ಒಡಿಶಾದ ಕಟಕ ಜಿಲ್ಲೆಯಲ್ಲಿ ಆಯಿತು. 2023ರ ಏಪ್ರಿಲಿನಲ್ಲಿ ಹಳ್ಳಿಯ ಕ್ರಿಕೆಟ್ ಪಂದ್ಯವೊಂದರಲ್ಲಿ ಒಂದು ‘ನೋ ಬಾಲ್’ ತೀರ್ಪಿನ ಸಲುವಾಗಿ ಎದ್ದ ಜಗಳದಲ್ಲಿ 22 ವರ್ಷದ ಯುವಕನನ್ನು ಇರಿದು ಕೊಂದರು. ಒಂದು ಚೆಂಡಿಗೆ ಒಂದು ಜೀವ!

ಇನ್ನು ಕಾಯಿದೆಯ ಮಾತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರಲ್ಲಿ ಅಂಪೈರನೆಂಬ ಹೆಸರಿಗೆ ವಿಶೇಷ ರಕ್ಷಣೆಯಿಲ್ಲ. ಹೊಡೆದು ನೋಯಿಸಿದರೆ 115ನೆಯ ಕಲಮು: ಒಂದು ವರ್ಷದವರೆಗೆ ಸೆರೆ, ಇಲ್ಲವೆ ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಕೇಳಲು ಸಾಕಷ್ಟಿದೆ. ತೊಡಕಿರುವುದು ಮುಂದೆ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ಈ ಅಪರಾಧದ ತನಿಖೆ ಮಾಡುವಂತಿಲ್ಲ. ಠಾಣೆಯಲ್ಲಿ ಹೆಸರು ಬರೆದುಕೊಂಡು ಫಿರ್ಯಾದಿಯನ್ನು ಕೋರ್ಟಿಗೆ ಕಳಿಸುತ್ತಾರೆ. ರವಿವಾರದ ಪಂಚನಿಗೆ ಸೋಮವಾರ ಕಾರಖಾನೆಯ ಪಾಳಿಯಿರುತ್ತದೆ. ಅವನು ಕೋರ್ಟಿಗೆ ಅಲೆಯುವುದುಂಟೆ? ಮುಂದಿನ ವಾರದಿಂದ ಸೀಟಿಯನ್ನೇ ಕೈಬಿಡುತ್ತಾನೆ, ಅಷ್ಟೆ.

ಎಲುಬು ಅಥವಾ ಹಲ್ಲು ಮುರಿದರೆ ಅದು ಘೋರ ಗಾಯ. 117ನೆಯ ಕಲಮಿನಂತೆ ಏಳು ವರ್ಷದವರೆಗೆ ಸೆರೆ. ಆಗ ಪೊಲೀಸರು ತಾವಾಗಿಯೇ ಕೈಹಾಕಬಹುದು. ಅಂದರೆ ಕಾಯಿದೆ ಚುರುಕಾಗಬೇಕಾದರೆ ಪಂಚನ ಹಲ್ಲು ಉದುರಬೇಕು!

ಇನ್ನೊಂದು ವಿಚಿತ್ರ ನೋಡಿ. ಜಿಲ್ಲಾ ಪರಿಷತ್ತಿನ ಶಾಲೆಯ ಶಿಕ್ಷಕರು ಸರಕಾರಿ ಪಂದ್ಯಗಳಲ್ಲಿ ನೌಕರಿಯ ಕೆಲಸವಾಗಿ ಪಂಚರಾಗಿ ನಿಂತರೆ ಅವರು ಲೋಕಸೇವಕರು. ಕೆಲಸಕ್ಕೆ ಅಡ್ಡಿಯಾಗುವಂತೆ ಅವರ ಮೇಲೆ ಕೈಮಾಡಿದವನಿಗೆ 132ನೆಯ ಕಲಮು ಹತ್ತುತ್ತದೆ: ಎರಡು ವರ್ಷದವರೆಗೆ ಸೆರೆ, ಪೊಲೀಸರು ನೇರವಾಗಿ ಹಿಡಿಯಬಹುದು, ಜಾಮೀನು ಹಕ್ಕಾಗಿ ಸಿಗದು. ಅದೇ ಬಯಲಿನಲ್ಲಿ, ಅದೇ ಸೀಟಿ ಹಿಡಿದು ನಿಂತ ಬ್ಯಾಂಕಿನ ಗುಮಾಸ್ತನಿಗೆ ಆ ಆಸರೆಯಿಲ್ಲ. ಸೀಟಿ ಒಂದೇ, ಕಾಯಿದೆ ಎರಡು.

ಮಹಾರಾಷ್ಟ್ರ ಸರಕಾರ ವೈದ್ಯರ ರಕ್ಷಣೆಗಾಗಿ 2010ರ ಕಾಯಿದೆಯನ್ನೂ ಪತ್ರಕರ್ತರಿಗಾಗಿ 2017ರ ಕಾಯಿದೆಯನ್ನೂ ಮಾಡಿದೆ. ಎರಡರಲ್ಲೂ ಮೂರು ವರ್ಷದವರೆಗೆ ಶಿಕ್ಷೆಯುಂಟು. ಪೊಲೀಸರು ನೇರವಾಗಿ ತನಿಖೆ ಮಾಡಬಹುದು. ಸಂವಿಧಾನದ ರಾಜ್ಯಪಟ್ಟಿಯಲ್ಲಿ ಕ್ರೀಡೆಯೂ ಇದೆ, ಪೊಲೀಸೂ ಇದೆ. ಆದುದರಿಂದ ಪಂಚರ ಸಲುವಾಗಿಯೂ ಇಂಥ ಕಾಯಿದೆ ಬೇಕೆಂದು ಮುಂಬಯಿಯ ವಿಧಾನಸಭೆಯನ್ನು ನಾವು ಕೇಳಬಹುದು.

ಹೊರದೇಶಗಳಲ್ಲಿ ಇದು ಹೊಸದಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸಾಧಾರಣ ಹೊಡೆತಕ್ಕೆ ಆರು ತಿಂಗಳ ಸೆರೆಯಾದರೆ, ಕರ್ತವ್ಯದಲ್ಲಿರುವ ಕ್ರೀಡಾ ತೀರ್ಪುಗಾರನನ್ನು ಹೊಡೆದರೆ ಒಂದು ವರ್ಷದವರೆಗೆ. ತುರ್ಕಿಯ ಅಂಕಾರಾದಲ್ಲಿ 2023ರ ಡಿಸೆಂಬರಿನಲ್ಲಿ ಫುಟ್ಬಾಲ್ ಕ್ಲಬ್ಬೊಂದರ ಅಧ್ಯಕ್ಷನೇ ಮೈದಾನಕ್ಕೆ ನುಗ್ಗಿ ರೆಫರಿ ಹಲೀಲ್ ಉಮುತ್ ಮೆಲೆರರ ಮುಖಕ್ಕೆ ಗುದ್ದಿದ. ದೇಶದ ಲೀಗ್ ಪಂದ್ಯಗಳೆಲ್ಲ ಕೆಲವು ದಿನ ನಿಂತುಹೋದವು. ಮರುವರ್ಷ ಕೋರ್ಟು ಅವನಿಗೆ ಮೂರೂವರೆ ವರ್ಷಕ್ಕೂ ಮಿಕ್ಕ ಸೆರೆ ವಿಧಿಸಿತು.

‘ಒಬ್ಬೊಬ್ಬರಿಗೆ ಒಂದೊಂದು ಕಾಯಿದೆ ಮಾಡುತ್ತ ಹೋದರೆ ಕೊನೆಯೆಲ್ಲಿ?’ ಎಂದು ನೀವು ಕೇಳಬಹುದು. ಪ್ರಶ್ನೆ ಯೋಗ್ಯವಾದುದು. ನನ್ನ ಉತ್ತರ ಇಷ್ಟೆ: ಶಿಕ್ಷೆ ಹೆಚ್ಚಿಸುವುದು ಮುಖ್ಯವಲ್ಲ, ಪೊಲೀಸರು ಕೂಡಲೆ ತನಿಖೆಗೆ ತೊಡಗುವಂತಾದರೆ ಸಾಕು. ಎಲ್ಲರ ಸಿಟ್ಟನ್ನೂ ಎದುರಿಸಿ ಒಬ್ಬರ ವಿರುದ್ಧ ತೀರ್ಪು ಹೇಳಲೇಬೇಕಾದ ಕೆಲಸ ಪಂಚನದು. ಹೆದರಿದ ಪಂಚ ಬಲಿಷ್ಠನ ಕಡೆಗೆ ವಾಲುತ್ತಾನೆ. ಆಗ ಸೋಲುವವನು ಬಡವರ ಮಗ. ರಕ್ಷಣೆ ಬೇಡುವ ಪಂಚನೂ ನಿಷ್ಪಕ್ಷಪಾತಿಯಾಗಿರಬೇಕು, ನಿಯಮ ಓದಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

1999ರ ಫೆಬ್ರುವರಿಯಲ್ಲಿ ದಿಲ್ಲಿಯಲ್ಲಿ ನಮ್ಮ ಅನಿಲ್ ಕುಂಬ್ಳೆಯವರು ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 74 ಓಟಗಳಿಗೆ ಕಿತ್ತುದನ್ನು ನೆನೆದು ಹಿಗ್ಗುತ್ತೇವೆ. ಆ ಪಂದ್ಯದ ಅಂಪೈರರಲ್ಲಿ ಒಬ್ಬರಾದ ಎ. ವಿ. ಜಯಪ್ರಕಾಶರೂ ಕರ್ನಾಟಕದವರೇ ಎಂಬುದನ್ನು ಎಷ್ಟು ಜನ ನೆನೆಯುತ್ತೇವೆ?

ಕಾಯಿದೆ ಬರುವವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. 2017ರಿಂದ ಕ್ರಿಕೆಟ್ಟಿನ 42ನೆಯ ನಿಯಮದಂತೆ, ಅಂಪೈರನಿಗೆ ಹೊಡೆಯುವ ಬೆದರಿಕೆ ಹಾಕಿದ ಆಟಗಾರನನ್ನು ಪಂದ್ಯ ಮುಗಿಯುವವರೆಗೆ ಹೊರಗೆ ಕಳಿಸಬಹುದು. ಎದುರು ಪಕ್ಷಕ್ಕೆ ಐದು ಓಟ. ನಮ್ಮ ಕೂಟದಲ್ಲಿ ಎಲ್ಲ ಆಟಗಳಿಗೂ ಇಂಥ ನಿಯಮವಿರಲಿ. ಆಕ್ಷೇಪಣೆಯನ್ನು ನಾಯಕನೊಬ್ಬನೇ ಬರವಣಿಗೆಯಲ್ಲಿ ಕೊಡಲಿ. ಪಂಚರಿಗೆ ಪೆಟ್ಟಾದರೆ ಅಂದೇ ಆಸ್ಪತ್ರೆಯ ದಾಖಲೆ ಮಾಡಿಸಿ, ಸಾಕ್ಷಿಗಳ ಹೆಸರು ಬರೆದಿಟ್ಟು, ಸಂಘದ ಪದಾಧಿಕಾರಿಗಳೇ ಠಾಣೆಗೆ ಜೊತೆಯಾಗಿ ಹೋಗಲಿ. ಅವನನ್ನು ಒಬ್ಬನೇ ಕೋರ್ಟಿಗೆ ಅಲೆಯಬಿಡಬಾರದು.

ಕಡೆಯದಾಗಿ ತಾಯಿತಂದೆಗಳಲ್ಲಿ ಒಂದು ಬಿನ್ನಹ. ಗೆರೆಯ ಆಚೆ ನಿಂತು ‘ಪಂಚ ಕಳ್ಳ’ ಎಂದು ಕೂಗುವ ತಂದೆಯನ್ನು ಮಗ ನೋಡುತ್ತಿರುತ್ತಾನೆ. ಪರಸ್ಥಳದಲ್ಲಿ ಬಾಳುವ ನಾವು ಮಕ್ಕಳಿಗೆ ಕನ್ನಡ ಕಲಿಸುವಷ್ಟೇ ಆಸ್ಥೆಯಿಂದ ಸೋಲನ್ನು ಮರ್ಯಾದೆಯಿಂದ ಹೊರುವುದನ್ನೂ ಕಲಿಸಬೇಕು.